ಗೇರಾ, ಸ್ಪ್ರಾಕೆಟ್ಟಾ? ನನ್ನ ಓಟು ಚೈನಿಗೆ

ನಾನೇ ಮಾಡಿಕೊಂಡ ಸಣ್ಣ ಕನ್ವೇಯರ್‌ಗೆ (ಸಾಮಾನು ಸಾಗಿಸುವ ಯಂತ್ರ) ಮೊದಲು ಗೇರ್ ಹಾಕಿದೆ. ಆಮೇಲೆ ಅದನ್ನು ಕಿತ್ತು ಚೈನು, ಅದನ್ನು ಓಡಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಹಾಕಿದೆ. ಇನ್ನು ಗೇರಿನ ಸಹವಾಸ ಬೇಡ.

ಎರಡಕ್ಕೂ ಹಲ್ಲಿದೆ ನಿಜ, ಆದರೆ ಕೆಲಸ ಬೇರೆ. ಗೇರಿನ ಹಲ್ಲು ಇನ್ನೊಂದು ಗೇರಿನ ಹಲ್ಲನ್ನೇ ನೇರವಾಗಿ ತಳ್ಳುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳ ನಡುವಿನ ಗುಂಡಿ ಇರುವುದು ಚೈನಿನ ರೋಲರ್ ಕೂರಲು.

ಗೇರಿನಲ್ಲಿ ನನ್ನ ತಲೆ ತಿಂದಿದ್ದು ಗೇರು ಕೂರುವ ಎರಡು ಶಾಫ್ಟ್‌ಗಳ (ತಿರುಗುವ ಕಂಬಿಗಳ) ನಡುವಿನ ದೂರ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2 ಮಿ.ಮೀ., ಹಲ್ಲು 20 ಮತ್ತು 60. ಹಲ್ಲುಗಳನ್ನು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿದರೆ 80 ಮಿ.ಮೀ. ಕಾಗದದ ಮೇಲೆ ಎಷ್ಟು ಸುಲಭ, ಅಲ್ವಾ? ವೆಲ್ಡಿಂಗ್ ಬಿಸಿಗೆ ಫ್ರೇಮ್ ಸ್ವಲ್ಪ ಎಳೆದುಕೊಂಡಿತು, ಅಷ್ಟೇ ಸಾಕಾಯಿತು. ದೂರ ಜಾಸ್ತಿಯಾದರೆ ಹಲ್ಲುಗಳ ನಡುವೆ ಸಡಿಲ. ಮೋಟಾರ್ ಶುರುವಾದಾಗಲೆಲ್ಲ ಟಕ್ ಅಂತ ಬಡಿತ. ಕಮ್ಮಿಯಾದರೆ ಹಲ್ಲುಗಳು ಬಿಗಿದುಕೊಂಡು ಒಂದೇ ಸಮನೆ ಕೂಗಾಟ, ಬೇರಿಂಗ್ ಬಿಸಿ.

ಬೇರಿಂಗ್ ಅಡಿಗೆ ತೆಳು ತಗಡು ಕೊಟ್ಟು ದೂರ ಸರಿ ಮಾಡಿದರೆ ಶಾಫ್ಟ್ ವಾರೆ. ಆಗ ಹಲ್ಲಿನ ಒಂದು ಅಂಚಿನ ಮೇಲೇ ಭಾರವೆಲ್ಲ ಬಿದ್ದು ಅಲ್ಲಿ ಮಾತ್ರ ಹೊಳಪು. ಇದಕ್ಕೆ ಮದ್ದು ಮೆಶಿನಿಂಗ್ ಮಾಡಿಸಿದ ಗಟ್ಟಿ ಪೆಟ್ಟಿಗೆ, ಒಳಗೆ ಎಣ್ಣೆ. ಅದರ ಖರ್ಚು ನನ್ನ ಕೈಗೆಟುಕುವಂಥದ್ದಲ್ಲ.

ಚೈನಿನಲ್ಲಿ ಈ ರಗಳೆ ಇಲ್ಲ. ಅದೇ 1:3 ಲೆಕ್ಕಕ್ಕೆ 17 ಮತ್ತು 51 ಹಲ್ಲು, ಪಿಚ್ (ಚೈನಿನ ಒಂದು ರೋಲರ್‌ನ ನಡುವಿನಿಂದ ಮುಂದಿನದರ ನಡುವಿಗೆ ದೂರ) 12.7 ಮಿ.ಮೀ. ಮೋಟಾರ್ ಕೂರುವ ಜಾಗದಲ್ಲಿ ಬೋಲ್ಟ್ ತೂತು ಉದ್ದ ಮಾಡಿಸಿದೆ. ಹಿಂದೆ ಸರಿಸಿದರೆ ಚೈನು ಬಿಗಿ, ಮುಂದೆ ತಂದರೆ ಸಡಿಲ. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿದ್ದರೆ ಮುಗಿಯಿತು. ಅದನ್ನು ಒಂದು ನೇರ ಪಟ್ಟಿ ಇಟ್ಟೇ ನೋಡಬಹುದು.

ತಿರುಗುವ ದಿಕ್ಕು? ಜೋಡಿ ಗೇರಿನಲ್ಲಿ ಉಲ್ಟಾ, ಚೈನಿನಲ್ಲಿ ಅದೇ ದಿಕ್ಕು. ನನ್ನದು ತ್ರೀ ಫೇಸ್ ಮೋಟಾರ್, ದಿಕ್ಕು ಸರಿ ಮಾಡಲು ಎರಡು ವೈರ್ ಅದಲುಬದಲು ಮಾಡಿದೆ.

ಚೈನಿಗೂ ಕಾಯಿಲೆ ಇದೆ. ಕೊಂಡಿಗಳನ್ನು ಜೋಡಿಸುವ ಪಿನ್, ಅದರ ಸುತ್ತಲಿನ ಬುಷ್ ಸವೆದು ಚೈನು ಉದ್ದವಾಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ತೀರಾ ಕಮ್ಮಿ ಇದ್ದರೆ ಚೈನು ಸಣ್ಣಗೆ ಜಗ್ಗಿ ಜಗ್ಗಿ ಓಡುವುದು ಗೊತ್ತಾಗುತ್ತದೆ. 17ಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು. ಧೂಳಿದ್ದ ಕಡೆ ಆಗಾಗ ಒರೆಸಿ ಎಣ್ಣೆ ಹಾಕಬೇಕು. ನನಗೆ ಸುಮ್ನೆ ಕೂತು ಮೆಶಿನ್ ಒರೆಸುವ ಚಟ ಇದೆ, ಹಾಗಾಗಿ ಅದು ಭಾರ ಅನ್ನಿಸಲ್ಲ. ವೇಗ ಬದಲಿಸುವ ಚಟವೂ ಇದೆ. ಅದಕ್ಕೆ ಒಂದು ಸ್ಪ್ರಾಕೆಟ್ ಬದಲಿಸಿ, ಬೇಕಾದಷ್ಟು ಕೊಂಡಿ ಚೈನಿಗೆ ಕೂಡಿಸಿದರೆ ಇಲ್ಲವೇ ತೆಗೆದರೆ ಸಾಕು.

ಲೇತ್‌ನಲ್ಲಿ ಥ್ರೆಡ್ ಹಾಕುವಂಥ ಕೆಲಸಕ್ಕೆ ಮಾತ್ರ ನಾನೂ ಗೇರನ್ನೇ ಬಿಡಲ್ಲ. ಅಲ್ಲಿ ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್ಲಿಗೂ ಕತ್ತರಿಸುವ ಟೂಲನ್ನು ಸರಿಸುವ ಲೀಡ್ ಸ್ಕ್ರೂಗೂ ಇರುವ ಲೆಕ್ಕ ಕೂದಲೆಳೆಯಷ್ಟೂ ಅಲುಗಾಡಬಾರದು.