ಹಲಸಿನ ಹಲಗೆಯನ್ನು ಗಾಳಿಗೆ ಒಣಗಿಸುವುದೋ, ಕಿಲ್ನ್‌ಗೆ ಕಳುಹಿಸುವುದೋ?

ತೋಟದಲ್ಲಿ ಕಡಿದ ಹಲಸನ್ನು ಮನೆಯಲ್ಲೇ ಒಣಗಿಸಬೇಕೋ, ಪೇಟೆಯಲ್ಲಿ ಶಾಖ ಕೊಟ್ಟು ಮರ ಒಣಗಿಸುವ ಕೋಣೆಯಾದ ಕಿಲ್ನ್‌ಗೆ ಕಳುಹಿಸಬೇಕೋ ಎಂಬುದು ನಿಮಗಿರುವ ಸಮಯವನ್ನೂ ಮಾಡಿಸಲಿರುವ ವಸ್ತುವನ್ನೂ ಅವಲಂಬಿಸಿದೆ. ಯಾವುದನ್ನೇ ಆರಿಸಿಕೊಂಡರೂ ದಿಮ್ಮಿಯನ್ನು ತಡಮಾಡದೆ ಸೀಳಿಸಿ, ಹಲಗೆಗಳ ತುದಿಗೆ ಮೇಣವನ್ನೋ ಉಳಿದ ಪೇಂಟನ್ನೋ ದಪ್ಪಗೆ ಬಳಿಯಬೇಕು. ತೇವ ಮೈಗಿಂತ ತುದಿಯಿಂದ ಬಹಳ ಬೇಗ ಹೊರಹೋಗುವುದರಿಂದ ಬಿರುಕು ಮೊದಲು ಕಾಣುವುದು ಅಲ್ಲಿಯೇ.

ಖರ್ಚಿನಲ್ಲಿ ಗಾಳಿಯೇ ಅಗ್ಗ, ಆದರೆ ಪೇರಿಸುವ ಕೆಲಸ ಶಿಸ್ತು ಬೇಡುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಹಲಗೆಗಳ ನಡುವೆ ಒಂದೇ ದಪ್ಪದ ರೀಪುಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರಕ್ಕೆ ಇಡಬೇಕು. ಈ ನೇರ ತಪ್ಪಿದರೆ ಹಲಗೆ ಬಾಗುತ್ತದೆ, ಬಾಗಿದ್ದನ್ನು ಹತ್ತರಿ ಹಿಡಿದು ಸರಿಪಡಿಸುವಷ್ಟರಲ್ಲಿ ಅರ್ಧ ದಪ್ಪ ಹೋಗಿರುತ್ತದೆ. ಗೆದ್ದಲಿನ ಕಾವಲೂ ನಿಮ್ಮದೇ.

ಅಂಗುಲ ದಪ್ಪಕ್ಕೆ ವರ್ಷವೆಂಬುದು ಗಾಳಿಯ ಸ್ಥೂಲ ಲೆಕ್ಕ. ಕಿಲ್ನ್‌ಗೆ ಕೆಲವು ವಾರಗಳು ಸಾಕು.

ನಿಜವಾದ ವ್ಯತ್ಯಾಸವಿರುವುದು ತೇವಾಂಶದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಗಿಟ್ಟ ಮರ ಶೇ 15ಕ್ಕಿಂತ ಕೆಳಗಿಳಿಯುವುದು ಕಷ್ಟ, ಕಿಲ್ನ್‌ನಲ್ಲಿ ಅದು ಶೇ 8ರಿಂದ 12ಕ್ಕೆ ಬರುತ್ತದೆ. ಬಾಗಿಲ ಚೌಕಟ್ಟಿಗೂ ಜಗಲಿಯ ಬೆಂಚಿಗೂ ಗಾಳಿ ಸಾಕು; ಬೆಂಗಳೂರಿನ ಏಸಿ ಕೋಣೆಯ ಮೇಜಿಗಾದರೆ ಕಿಲ್ನ್ ವಾಸಿ, ಅದರ ಶಾಖಕ್ಕೆ ಒಳಗಿನ ಹುಳುವೂ ಸಾಯುತ್ತದೆ. ಎರಡು ಅಂಗುಲ ಮೀರಿದ ಹಸಿ ಹಲಗೆಯನ್ನು ಮಾತ್ರ ನೇರವಾಗಿ ಕಿಲ್ನ್‌ಗೆ ಕೊಡದೆ, ಕೆಲವು ತಿಂಗಳು ಗಾಳಿಗಿಟ್ಟು ಕಳುಹಿಸಿದರೆ ಬಿರುಕೂ ಬಾಡಿಗೆಯೂ ಕಡಿಮೆ.