6000 ಎಂಎಎಚ್ ಬಿಟ್ಟು 5000ಕ್ಕೆ ಇಳಿದೆ, ಕಾರಣ ನನ್ನ ಕೆನ್ನೆ

ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಜೇಬಿನಲ್ಲಿರುವುದು ಎರಡನೆಯ ಫೋನ್. ಮೊದಲನೆಯದು ಮೂರೂವರೆ ತಿಂಗಳು ನನ್ನ ಹತ್ತಿರ ಇತ್ತು, ಆಮೇಲೆ ಅಪ್ಪನ ಕೈ ಸೇರಿತು. ಹಾಗಾಗಿ ಯಾವುದು ಗೆಲ್ಲುತ್ತದೆ ಅನ್ನುವ ಕುತೂಹಲ ಬೇಡ. ಯಾಕೆ ಗೆದ್ದಿತು ಅನ್ನುವುದೇ ಕಥೆ.

ಒಂದನ್ನು ದೊಡ್ಡದು, ಇನ್ನೊಂದನ್ನು ಚಿಕ್ಕದು ಅಂತ ಕರೆಯೋಣ. ಚಿಕ್ಕದು ಅಂದರೂ ಅಂಗೈಯಲ್ಲಿ ಮುಚ್ಚಿಹೋಗುವಂಥದ್ದಲ್ಲ, 6.5 ಇಂಚು. ದೊಡ್ಡದು 6.8. ದೊಡ್ಡದರಲ್ಲಿ 6000 ಎಂಎಎಚ್ ಬ್ಯಾಟರಿ, ಎಲ್‌ಸಿಡಿ ಸ್ಕ್ರೀನ್. ಚಿಕ್ಕದರಲ್ಲಿ 5000, ಅಮೊಲೆಡ್. ಬೆಲೆ ಹೆಚ್ಚುಕಮ್ಮಿ ಒಂದೇ, ತೀರಾ ಅಗ್ಗವೂ ಅಲ್ಲ, ಕೈ ಸುಡುವಂಥದ್ದೂ ಅಲ್ಲ. ಪ್ರೊಸೆಸರ್, ರ‍್ಯಾಮ್ ಕಥೆ ಡಬ್ಬದ ಮೇಲೇ ಬರೆದಿರುತ್ತದೆ. ನನ್ನ ಕೆಲಸಕ್ಕೆ ಎರಡೂ ಸಾಕಾದವು.

ದೊಡ್ಡದನ್ನು ಕೊಂಡಿದ್ದಕ್ಕೆ ಕಾರಣ ಹಳೇ ಫೋನು. ಅದು ಸಂಜೆ ನಾಲ್ಕಕ್ಕೆಲ್ಲ ಕಣ್ಣು ಮುಚ್ಚುತ್ತಿತ್ತು. ಪವರ್ ಬ್ಯಾಂಕ್, ಅದರ ವೈರು, ಅದನ್ನು ಮರೆತ ದಿನದ ಪರದಾಟ, ಎಲ್ಲ ಸಾಕಾಗಿತ್ತು. ಹೊಸದು ತೆಗೆದುಕೊಳ್ಳುವಾಗ ಬೇರೇನನ್ನೂ ನೋಡಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಎಂಎಎಚ್ ಯಾವುದಕ್ಕಿದೆ, ಅದನ್ನೇ ತಂದೆ.

ಮೊದಲ ವಾರ ಖುಷಿಯೋ ಖುಷಿ. ಎಂಟನೇ ದಿನವೋ ಏನೋ, ಅಮ್ಮನ ಜೊತೆ ಮಾತಾಡುತ್ತಿದ್ದೆ. ನಾನು ಏನೋ ಉದ್ದಕ್ಕೆ ಹೇಳಿಕೊಂಡು ಹೋದೆ. ಆ ಕಡೆಯಿಂದ "ಹಲೋ? ಹಲೋ?" ಅಂತ ಬರುತ್ತಿದೆ. ನಾನೂ ಹಲೋ ಅಂದೆ. ಅವಳಿಗೆ ಕೇಳಿಸುತ್ತಿಲ್ಲ. ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಸ್ಕ್ರೀನ್ ಫುಲ್ ಬೆಳಕಿನಲ್ಲಿ ಉರಿಯುತ್ತಿದೆ, ಮ್ಯೂಟ್ ಬಟನ್ ಒತ್ತಿಕೊಂಡಿದೆ, ಅದರ ಮೇಲೆ ನನ್ನ ಕೆನ್ನೆಯ ಬೆವರು. ಮ್ಯೂಟ್ ತೆಗೆಯುವಷ್ಟರಲ್ಲಿ ಅಮ್ಮ, "ಏನೋ, ಮಾತಾಡ್ತಾ ಇದ್ದೋನು ಸುಮ್ನಾಗ್ಬಿಟ್ಟೆ? ಸಿಟ್ಟು ಬಂತೇನೋ?" ಅಂತ ಕೇಳಿದಳು.

ಅವತ್ತು ನಕ್ಕು ಬಿಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು, ನನಗಲ್ಲ, ಫೋನಿಗೆ. ಕೆನ್ನೆ ತಗುಲಿ ಕಾಲ್ ಹೋಲ್ಡ್‌ಗೆ ಹೋಗುವುದು. ಕಿವಿ ತಗುಲಿ ಮೇಲಿನ ಪಟ್ಟಿ ಕೆಳಗಿಳಿದು ಟಾರ್ಚ್ ಹತ್ತುವುದು. ಒಂದು ಸಲ ಹತ್ತು ಜನರ ನಡುವೆ ಸ್ಪೀಕರ್ ಆನ್ ಆಗಿ, ನಮ್ಮ ಮನೆಯ ಒಂದು ಜಗಳ ಊರಿಗೆಲ್ಲ ಕೇಳಿಸಿತು. ಎಲ್ಲಕ್ಕಿಂತ ಉರಿದಿದ್ದು ಒಂದು ಕಸ್ಟಮರ್ ಕೇರ್ ಕಾಲ್. ಇಪ್ಪತ್ತು ನಿಮಿಷ ಅದೇ ಸಂಗೀತ ಕೇಳಿಕೊಂಡು ಕಾದಿದ್ದೇನೆ. ಕೊನೆಗೂ ಒಬ್ಬರು "ನಮಸ್ಕಾರ" ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೆನ್ನೆ ಕೆಂಪು ಬಟನ್ ಒತ್ತಿತು.

ಇದು ಯಾಕೆ ಹೀಗೆ ಅಂತ ಹುಡುಕಿದಾಗ ಗೊತ್ತಾಗಿದ್ದು ಇಷ್ಟು. ಫೋನನ್ನು ಕಿವಿಗೆ ಹಿಡಿದ ತಕ್ಷಣ ಸ್ಕ್ರೀನ್ ಆಫ್ ಆಗುತ್ತದಲ್ವಾ, ಅದನ್ನು ಮಾಡುವುದು ಪ್ರಾಕ್ಸಿಮಿಟಿ ಸೆನ್ಸರ್. ಇಯರ್‌ಪೀಸ್ ಪಕ್ಕದಲ್ಲಿ ಒಂದು ಪುಟಾಣಿ ಇನ್‌ಫ್ರಾರೆಡ್ ದೀಪ, ಅದರ ಜೊತೆ ಬೆಳಕು ಹಿಡಿಯುವ ಒಂದು ಕಣ್ಣು. ದೀಪದ ಬೆಳಕು ಕೆನ್ನೆಗೆ ಬಡಿದು ವಾಪಸ್ ಬಂದರೆ, ಎದುರಿಗೆ ಏನೋ ಇದೆ ಅಂತ ಅರ್ಥ. ಅಷ್ಟೇ ಕೆಲಸ. ವರ್ಷಗಟ್ಟಲೆ ಎಲ್ಲ ಫೋನಿನಲ್ಲೂ ಇದು ತೆಪ್ಪಗೆ ನಡೆಯುತ್ತಿತ್ತು, ಹಾಗಾಗಿ ಇಂಥದ್ದೊಂದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಈಗ ಸ್ಕ್ರೀನ್ ಅಂಚಿನವರೆಗೂ ಬಂದಿದೆ, ಆ ದೀಪಕ್ಕೆ ಜಾಗ ಇಲ್ಲ. ಕಿತ್ತು ಹಾಕಿದರೆ ಸ್ವಲ್ಪ ಖರ್ಚೂ ಉಳಿಯುತ್ತದೆ. ಹಾಗಾಗಿ ಕೆಲವು ಫೋನುಗಳಲ್ಲಿ ಅದರ ಬದಲು ವರ್ಚುವಲ್ ಸೆನ್ಸರ್ ಇಡುತ್ತಾರೆ. ಅಂದರೆ ಸೆನ್ಸರೇ ಇಲ್ಲ, ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇಯರ್‌ಪೀಸ್‌ನಿಂದ ನಮಗೆ ಕೇಳಿಸದ ಅಲ್ಟ್ರಾಸೌಂಡ್ ಬಿಟ್ಟು, ಮೈಕಿನಲ್ಲಿ ಪ್ರತಿಧ್ವನಿ ಹಿಡಿಯುವುದು ಒಂದು ದಾರಿ. ಕೈ ಮೇಲೆದ್ದಿತೇ, ಫೋನ್ ಓರೆಯಾಯಿತೇ ಅಂತ ನೋಡಿ ಊಹಿಸುವುದು ಇನ್ನೊಂದು. ಎರಡನ್ನೂ ಸೇರಿಸುವುದೂ ಉಂಟು. ಚೆನ್ನಾಗಿ ಮಾಡಿದರೆ ನಡೆಯುತ್ತದಂತೆ. ನನ್ನದರಲ್ಲಿ ನೆಟ್ಟಗೆ ನಿಂತು ಮಾತಾಡಿದರೆ ಪರವಾಗಿಲ್ಲ. ದಿಂಬಿನ ಮೇಲೆ ಮಗ್ಗುಲಾಗಿ ಮಲಗಿ ಮಾತಾಡಿದರೆ, ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದರೆ, ಅದರ ಲೆಕ್ಕವೆಲ್ಲ ತಲೆಕೆಳಗು.

ನಾನೂ ಸುಮ್ಮನೆ ಕೂರಲಿಲ್ಲ. ಸ್ಕ್ರೀನ್ ಗಾರ್ಡ್ ಕಿತ್ತೆ. ಕವರ್ ಬದಲಿಸಿದೆ. ಒಂದು ಅಪ್‌ಡೇಟ್ ಬಂತು, ಎರಡು ದಿನ ಸರಿಹೋದ ಹಾಗೆ ಕಂಡಿತು, ಆಮೇಲೆ ಅದೇ ರಾಗ. ಸರ್ವಿಸ್ ಸೆಂಟರಿನವರು ರೀಸೆಟ್ ಮಾಡಿಸಿ ಕಳಿಸಿದರು. ಕೊನೆಗೆ ನಾನೇ ಒಂದು ಉಪಾಯ ಮಾಡಿಕೊಂಡೆ. ಕಾಲ್ ಕನೆಕ್ಟ್ ಆದ ಕೂಡಲೇ ಪವರ್ ಬಟನ್ ಒತ್ತಿ ಸ್ಕ್ರೀನ್ ಆಫ್ ಮಾಡುವುದು. ಇದಕ್ಕೆ ಮೊದಲು ಎರಡು ಕಡೆ ನೋಡಬೇಕು. ಎತ್ತಿದರೆ ಸ್ಕ್ರೀನ್ ಹತ್ತುವ ಸೆಟ್ಟಿಂಗ್ ಆಫ್ ಇರಬೇಕು. ಪವರ್ ಬಟನ್ ಒತ್ತಿದರೆ ಕಾಲ್ ಕಟ್ ಆಗುವ ಸೆಟ್ಟಿಂಗೂ ಆಫ್ ಇರಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಡೆಯಿತು. ಆದರೆ ದಿನಕ್ಕೆ ಇಪ್ಪತ್ತು ಮೂವತ್ತು ಕಾಲ್ ಮಾಡುವವನು ನಾನು. ಪ್ರತಿ ಸಲ ಬೆರಳಿಗೆ ಈ ಕೆಲಸ ನೆನಪಿಸಬೇಕು ಅಂದರೆ ಅದು ಫೋನಾ, ಸಾಕಿದ ಪ್ರಾಣಿಯಾ?

ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳುವುದು ಸುಲಭ. ಸ್ಪೆಸಿಫಿಕೇಶನ್ ಪಟ್ಟಿಯ ಕೆಳತುದಿಯಲ್ಲಿ ಸೆನ್ಸರುಗಳ ಸಾಲು ಇರುತ್ತದೆ. ಅಲ್ಲಿ ಪ್ರಾಕ್ಸಿಮಿಟಿಯ ಪಕ್ಕ ವರ್ಚುವಲ್ ಅಂತಲೋ ಅಲ್ಟ್ರಾಸಾನಿಕ್ ಅಂತಲೋ ಇದ್ದರೆ ಹುಷಾರಾಗಿ. ಪರಿಚಯದವರ ಹತ್ತಿರ ಅದೇ ಮಾಡೆಲ್ ಇದ್ದರೆ ಇನ್ನೂ ಒಳ್ಳೆಯದು. ಈಸಿಕೊಂಡು ಯಾರಿಗಾದರೂ ಕಾಲ್ ಮಾಡಿ, ಎರಡು ನಿಮಿಷ ಮಾತಾಡಿ, ನಡುವೆ ಕಿವಿ ಬದಲಿಸಿ. ಚಿಕ್ಕದನ್ನು ನಾನು ಹೀಗೇ ನೋಡಿ ಕೊಂಡೆ. ಅದರಲ್ಲಿ ನಿಜವಾದ ಸೆನ್ಸರ್ ಇದೆ. ಇವತ್ತಿನವರೆಗೆ ಅಮ್ಮ ನನ್ನ ಸಿಟ್ಟಿನ ಬಗ್ಗೆ ಕೇಳಿಲ್ಲ.

ಸರಿ, ಬ್ಯಾಟರಿಗೆ ಬರೋಣ. ಎಂಎಎಚ್ ಅನ್ನುವುದು ತೊಟ್ಟಿಯ ಗಾತ್ರ ಅಷ್ಟೇ, ನಲ್ಲಿ ಎಷ್ಟು ತಿರುಗಿಸಿಟ್ಟಿದ್ದಾರೆ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಎಲ್‌ಸಿಡಿಯಲ್ಲಿ ಸ್ಕ್ರೀನಿನ ಹಿಂದೆ ಒಂದು ಬೆಳಕು ಯಾವಾಗಲೂ ಉರಿಯುತ್ತಿರುತ್ತದೆ, ಮುಂದೆ ಕಪ್ಪು ಚಿತ್ರ ಇದ್ದರೂ ಅಷ್ಟೇ. ಅಮೊಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಇರುವಲ್ಲಿ ಚುಕ್ಕಿ ಆಫ್. ನಾನು ಎಲ್ಲ ಕಡೆ ಡಾರ್ಕ್ ಮೋಡ್ ಹಾಕಿಕೊಳ್ಳುವವನು, ಓದುವುದೂ ರಾತ್ರಿಯೇ ಜಾಸ್ತಿ.

ಅಪ್ಪನಿಗೆ ಕೊಡುವ ಮುಂಚೆ ಒಂದು ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ವೈಫೈ, ಒಂದೇ ವಿಡಿಯೊ, ಬ್ರೈಟ್‌ನೆಸ್ ಎರಡರಲ್ಲೂ ಅರ್ಧ. ಎರಡು ಗಂಟೆಯಲ್ಲಿ ದೊಡ್ಡದು 14 ಪರ್ಸೆಂಟ್ ಇಳಿಯಿತು, ಚಿಕ್ಕದು 15. ಆಮೇಲೆ ಡಾರ್ಕ್ ಮೋಡ್‌ನಲ್ಲಿ ಒಂದು ಗಂಟೆ ಓದಿದೆ. ದೊಡ್ಡದು 6, ಚಿಕ್ಕದು 5. ಸಾವಿರ ಎಂಎಎಚ್ ಜಾಸ್ತಿ ಇದ್ದದ್ದು ಎಲ್ಲಿ ಹೋಯಿತು ಅಂತ ಹುಡುಕುವ ಹಾಗಾಯಿತು. ದಿನದ ಬಳಕೆಯಲ್ಲಿ ದೊಡ್ಡದು ಒಂದೂ ಮುಕ್ಕಾಲು ದಿನ ಬರುತ್ತಿತ್ತು, ಚಿಕ್ಕದು ಒಂದೂವರೆ ದಿನ ಬರುತ್ತದೆ. ಬಿಳಿ ಪುಟಗಳನ್ನೇ ನೋಡುವವರಿಗೆ, ದಿನವಿಡೀ ಬಿಸಿಲಿನಲ್ಲಿ ಫುಲ್ ಬ್ರೈಟ್‌ನೆಸ್ ಇಡುವವರಿಗೆ ಈ ಲೆಕ್ಕ ಬೇರೆ ಬರುತ್ತದೆ.

ಸುಮ್ನೆ ಇಟ್ಟಾಗ ಮಾತ್ರ ದೊಡ್ಡದೇ ಗಟ್ಟಿ. ರಾತ್ರಿ ಎಂಟು ಗಂಟೆಯಲ್ಲಿ ಎರಡು ಪರ್ಸೆಂಟ್ ಅಷ್ಟೇ ತಿನ್ನುತ್ತಿತ್ತು. ಇದಕ್ಕೂ ಒಂದು ಬೆಲೆ ಇದೆ ಅಂತ ಆಮೇಲೆ ಗೊತ್ತಾಯಿತು. ಫೋನ್ ಮಲಗಿದ್ದಾಗ ಆ್ಯಪ್‌ಗಳನ್ನು ತಡೆಹಿಡಿಯುವ ಡೋಜ್ ಅನ್ನುವ ವ್ಯವಸ್ಥೆ 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೂ ಇದೆ. ಕೆಲವು ಫೋನ್ ಕಂಪನಿಗಳು ಅದರ ಮೇಲೆ ತಮ್ಮದೂ ಒಂದು ಕತ್ತರಿ ಇಡುತ್ತವೆ. ದೊಡ್ಡದರಲ್ಲಿ ರಾತ್ರಿ ಬಂದ ಮೆಸೇಜುಗಳೆಲ್ಲ ಬೆಳಗ್ಗೆ ನಾನು ತೆರೆದು ನೋಡಿದಾಗ ದಬದಬ ಅಂತ ಒಟ್ಟಿಗೆ ಬೀಳುತ್ತಿದ್ದವು. ಮಾತ್ರೆ ನೆನಪಿಸುವ ಆ್ಯಪ್ ಎರಡು ಸಲ ಕೈಕೊಟ್ಟಿತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಗೆ ಹೋಗಿ, ಮುಖ್ಯವಾದ ಆ್ಯಪ್‌ಗಳಿಗೆ ಒಂದೊಂದಾಗಿ ನಿರ್ಬಂಧ ತೆಗೆದ ಮೇಲೆ ಸರಿಹೋಯಿತು. ಆಗ ರಾತ್ರಿಯ ಇಳಿತವೂ ನಾಲ್ಕಕ್ಕೆ ಬಂತು, ಚಿಕ್ಕದರಷ್ಟೇ.

ಚಾರ್ಜಿಂಗ್‌ನಲ್ಲಿ ಪೈಪೋಟಿಯೇ ಇಲ್ಲ. ದೊಡ್ಡದರದ್ದು 18 ವ್ಯಾಟ್, ಖಾಲಿಯಿಂದ ಪೂರ್ತಿ ತುಂಬಲು ಎರಡೂ ಮುಕ್ಕಾಲು ಗಂಟೆ. ಚಿಕ್ಕದು 67 ವ್ಯಾಟ್, ಐವತ್ತು ನಿಮಿಷ. ಬೆಳಗ್ಗೆ ಸ್ನಾನಕ್ಕೆ ಹೋಗುವಾಗ ಸಿಕ್ಕಿಸುತ್ತೇನೆ, ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ಒಂದೂವರೆ ದಿನಕ್ಕೂ ಒಂದೂ ಮುಕ್ಕಾಲು ದಿನಕ್ಕೂ ಇದ್ದ ವ್ಯತ್ಯಾಸ ಇಲ್ಲೇ ಮಾಯ. ಒಂದೇ ತಕರಾರು, ಈ ವೇಗ ಅದರದೇ ಚಾರ್ಜರ್, ಅದರದೇ ಕೇಬಲ್ ಇದ್ದರೆ ಮಾತ್ರ. ಬೇರೆ ಚಾರ್ಜರ್ ಹಾಕಿದರೆ ಆಮೆ. ಊರಿಗೆ ಹೊರಟಾಗ ಆ ದಪ್ಪ ಇಟ್ಟಿಗೆಯನ್ನೂ ಹೊರಬೇಕು.

ಇನ್ನು ಸ್ಕ್ರೀನ್. 6.8 ಅಂದಾಗ ನನಗೂ ಸಿನಿಮಾ ಪರದೆಯ ಕನಸೇ ಇತ್ತು. ಆ ಅಳತೆ ಮೂಲೆಯಿಂದ ಮೂಲೆಗೆ. ಈಗಿನ ಫೋನುಗಳು ಹೆಚ್ಚಾಗಿ 20:9, ಅಂದರೆ ಉದ್ದ ಜಾಸ್ತಿ, ಅಗಲ ಕಮ್ಮಿ. ಸ್ಕೇಲ್ ಇಟ್ಟು ನೋಡಿದೆ. ದೊಡ್ಡದರ ಸ್ಕ್ರೀನ್ ಅಗಲ 71 ಮಿಲಿಮೀಟರ್. ಡ್ರಾಯರ್‌ನಲ್ಲಿ ಬಿದ್ದಿದ್ದ 5.5 ಇಂಚಿನ ಹಳೇ 16:9 ಫೋನ್ ತೆಗೆದು ಅಳೆದೆ. 68 ಚಿಲ್ಲರೆ! ಇಷ್ಟು ವರ್ಷದಲ್ಲಿ ಅಗಲಕ್ಕೆ ಸಿಕ್ಕಿದ್ದು ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಬೆಳೆದಿದ್ದೆಲ್ಲ ಉದ್ದಕ್ಕೆ. ಮಾಮೂಲಿ 16:9 ವಿಡಿಯೊ ಹಾಕಿದರೆ ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತದೆ, ನಡುವೆ ಉಳಿಯುವ ಚಿತ್ರ ಸುಮಾರು 5.7 ಇಂಚು. ಚಿಕ್ಕದರಲ್ಲಿ ಅದೇ ಚಿತ್ರ ಸುಮಾರು 5.4. ಈ 0.3 ಇಂಚಿಗಾಗಿ ನಾನು 40 ಗ್ರಾಂ ಜಾಸ್ತಿ ಭಾರ ಹೊತ್ತೆ. ಮಲಗಿ ಓದುವಾಗ ಮೂರು ಸಲ ಅದು ಮೂಗಿನ ಮೇಲೆ ಬಿದ್ದಿದೆ. ಆ 40 ಗ್ರಾಂ ಎಷ್ಟು ಅಂತ ಮೂಗಿಗೆ ಚೆನ್ನಾಗಿ ಗೊತ್ತು.

ಕನ್ನಡ ಓದುವವರಿಗೆ ಒಂದು ಮಾತು. ಒತ್ತಕ್ಷರ ಕಲಸಿಕೊಳ್ಳದೆ ಕಾಣಬೇಕಾದರೆ ಸ್ಕ್ರೀನ್ ಗಾತ್ರಕ್ಕಿಂತ ಅದು ಎಷ್ಟು ಚೂಪಾಗಿದೆ ಅನ್ನುವುದು ಮುಖ್ಯ. ನನ್ನ ದೊಡ್ಡದರದ್ದು ಬರೀ ಎಚ್‌ಡಿ ಪ್ಲಸ್, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳು ಕಮ್ಮಿ. ಫಾಂಟ್ ಸಣ್ಣದು ಮಾಡಿದರೆ "ಸ್ತ್ರೀ" ಅನ್ನುವುದು ಇರುವೆ ಗುಂಪಿನ ಹಾಗೆ ಕಾಣುತ್ತಿತ್ತು. ಚಿಕ್ಕದು ಫುಲ್ ಎಚ್‌ಡಿ ಪ್ಲಸ್, ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ.

ಚಿಕ್ಕದರಲ್ಲೂ ಹುಳುಕಿಲ್ಲದೆ ಇಲ್ಲ. ತುಂಬಾ ಅಮೊಲೆಡ್ ಸ್ಕ್ರೀನುಗಳು ಬೆಳಕು ಕಮ್ಮಿ ಮಾಡಲು ವೇಗವಾಗಿ ಆರಿ ಹತ್ತುತ್ತಿರುತ್ತವೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಕತ್ತಲೆಯಲ್ಲಿ ತೀರಾ ಕಮ್ಮಿ ಬ್ರೈಟ್‌ನೆಸ್ ಇಟ್ಟು ಒಂದು ಗಂಟೆ ಓದಿದರೆ ನನ್ನ ಕಣ್ಣೂ ಸ್ವಲ್ಪ ಉರಿಯುತ್ತದೆ. ಈಗ ಪಕ್ಕದಲ್ಲಿ ಒಂದು ಸಣ್ಣ ದೀಪ ಹಚ್ಚಿಕೊಂಡು ಬ್ರೈಟ್‌ನೆಸ್ ಏರಿಸಿ ಓದುತ್ತೇನೆ. ನಿಮ್ಮ ಕಣ್ಣು ಸೂಕ್ಷ್ಮ ಇದ್ದರೆ ಎಲ್‌ಸಿಡಿಯೇ ವಾಸಿ. ಚಿಕ್ಕದರಲ್ಲಿ ಹೆಡ್‌ಫೋನ್ ತೂತೂ ಇಲ್ಲ, ದೊಡ್ಡದರಲ್ಲಿತ್ತು.

ಕ್ಯಾಮೆರಾ: ಹಗಲಲ್ಲಿ ಎರಡೂ ಚೆನ್ನ, ರಾತ್ರಿ ಎರಡೂ ಅಷ್ಟಕ್ಕಷ್ಟೆ.

ಸ್ಪೀಕರ್: ದೊಡ್ಡದರಲ್ಲಿ ಒಂದೇ, ಅಡ್ಡ ಹಿಡಿದರೆ ಅಂಗೈಯಲ್ಲೇ ಮುಚ್ಚಿಹೋಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಎರಡು ಸಲ ತೆತ್ತ ದಡ್ಡ ನಾನೇ. ಬಜೆಟ್ ಎರಡು ಸಲವೂ ಒಂದೇ ಇತ್ತು, ಹಾಗಾಗಿ ಇನ್ನೂ ಮೇಲಿನದಕ್ಕೆ ಕಣ್ಣು ಹಾಕಲಿಲ್ಲ. ದಿನವಿಡೀ ಕಿವಿಗೆ ಫೋನ್ ಹಚ್ಚಿಕೊಂಡಿರುವ ನನ್ನಂಥವರಿಗೆ ಚಿಕ್ಕದೇ ಸರಿ. ಪ್ಲಗ್ ಸಿಗದ ಕಡೆ ಓಡಾಡುವವರು, ಇಯರ್‌ಫೋನ್‌ನಲ್ಲೇ ಮಾತಾಡುವವರು ದೊಡ್ಡದನ್ನು ತೆಗೆದುಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಅಪ್ಪ ಅಂತೂ ಅದನ್ನು ಬಿಟ್ಟುಕೊಡುವುದಿಲ್ಲ. ಅವರು ಫೋನನ್ನು ಯಾವತ್ತೂ ಕಿವಿಗೆ ಹಿಡಿದವರಲ್ಲ. ಕನ್ನಡಿ ಹಿಡಿದ ಹಾಗೆ ಮುಖದ ಎದುರು ಹಿಡಿದು, ಸ್ಪೀಕರ್ ಆನ್ ಮಾಡಿಯೇ ಮಾತಾಡುವುದು. ಪ್ರಾಕ್ಸಿಮಿಟಿ ಸೆನ್ಸರ್ ಇದ್ದರೆಷ್ಟು, ಬಿಟ್ಟರೆಷ್ಟು. ನಿನ್ನೆ ಕಾಲ್ ಮಾಡಿ, "ನಿಂದು ಎಷ್ಟು ಪರ್ಸೆಂಟ್ ಇದೆ?" ಅಂದರು. 42 ಅಂದೆ. "ನಂದು 61. ಮೊನ್ನೆ ರಾತ್ರಿ ಚಾರ್ಜ್ ಮಾಡಿದ್ದು" ಅಂದರು. ಹಿಂದಿನಿಂದ ಅಮ್ಮ, "ಆ ಸ್ಪೀಕರ್ ಆಫ್ ಮಾಡ್ರೀ, ಬೀದಿಗೆಲ್ಲ ಕೇಳ್ಸುತ್ತೆ" ಅಂತ ಕೂಗುತ್ತಿದ್ದಳು.