ತೆಂಗಿನ ಚಿಪ್ಪಿನ ಸುತ್ತ ಎಂಟು: ಟಮಿಯಾ ಟಿಟಿ-02 ಜೊತೆ ಆರು ವಾರ

ಹಾಸನದಲ್ಲಿ 11 ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರುವುದೇ ನನ್ನ ಕೆಲಸ. ಹೋದ ಡಿಸೆಂಬರಿನಲ್ಲಿ ಅಣ್ಣನ ಮಗ ಬೆಂಗಳೂರಿನ ಒಂದು ಆರ್‌ಸಿ, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳ, ಟ್ರ್ಯಾಕಿಗೆ ಕರೆದುಕೊಂಡು ಹೋಗಿ ತನ್ನ ರಿಮೋಟನ್ನು ನನ್ನ ಕೈಗಿಟ್ಟ. ಕಾರು ನನ್ನಿಂದ ದೂರ ಹೋಗುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ತಿರುಗಿ ನನ್ನ ಕಡೆ ಬರಲು ಶುರು ಮಾಡಿದ ಕೂಡಲೇ ನೇರ ಅಂಚಿಗೆ ಹೋಗಿ ಬಡಿಯಿತು. "ಅತ್ತೆ, ಕಾರು ನಿಮ್ಮ ಕಡೆ ಮುಖ ಮಾಡಿದಾಗ ಎಡಬಲ ಅದಲುಬದಲು ಆಗುತ್ತೆ" ಅಂದ. ಗೊತ್ತಿತ್ತು. ಆದರೆ ಬೆರಳಿಗೆ ಗೊತ್ತಿರಲಿಲ್ಲ.

ಟ್ರ್ಯಾಕಿಗೆ ಹೋಗಿಬರಲು ಒಂದಿಡೀ ದಿನ ಬೇಕು. ತಿಂಗಳಿಗೊಮ್ಮೆ ಹೋದರೆ ಮೊದಲ ಒಂದು ಗಂಟೆ ಮರೆತದ್ದನ್ನು ನೆನಪಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನಮ್ಮ ಸ್ಕೂಲಿನ ಟಾರು ಹಾಕಿದ ಮೈದಾನದಲ್ಲೇ ದಿನಾ ಓಡಿಸಬಹುದಾದ ಕಾರು ಬೇಕಿತ್ತು. ಜಪಾನಿನ ಮಾಡೆಲ್ ಕಂಪನಿ ಟಮಿಯಾದ ಟಿಟಿ-02 ತಗೊಂಡೆ. ಇವತ್ತಿಗೆ ಆರು ವಾರ.

ಇದು 1:10 ಅಳತೆಯ, ಅಂದರೆ ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಕಾರು. 2013ರಲ್ಲಿ ಮಾರುಕಟ್ಟೆಗೆ ಬಂದ ಚಾಸಿ. ಮೋಟರಿನಿಂದ ನಾಲ್ಕೂ ಚಕ್ರಕ್ಕೆ ಶಾಫ್ಟಿನ ಮೂಲಕ ಶಕ್ತಿ ಹೋಗುತ್ತದೆ. ಕಿಟ್ ರೂಪದಲ್ಲಿ ಬರುವುದರಿಂದ ನಾವೇ ಜೋಡಿಸಿಕೊಳ್ಳಬೇಕು. ನನಗೆ ಮೂರು ಸಂಜೆ ಹಿಡಿಯಿತು. ಜೋಡಿಸುವವರಿಗೆ ಒಂದು ಮಾತು: ಇದರ ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು. ಮನೆಯಲ್ಲಿರುವ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ನಾನು ಹೀಗೆ ಎರಡು ಸ್ಕ್ರೂ ಹಾಳು ಮಾಡಿ, ಆಮೇಲೆ ಜೆಐಎಸ್ ಡ್ರೈವರ್ ತರಿಸಿದೆ. ಬಾಡಿ ಪಾಲಿಕಾರ್ಬೊನೇಟಿನದು, ಬಣ್ಣವನ್ನು ಒಳಗಡೆಯಿಂದ ಹೊಡೆಯಬೇಕು. ಹೊರಗೆ ಗೀರು ಬಿದ್ದರೂ ಬಣ್ಣ ಹಾಗೇ ಉಳಿಯುತ್ತದೆ. ಅಭ್ಯಾಸದ ಕಾರಿಗೆ ಇದು ದೊಡ್ಡ ಅನುಕೂಲ.

ಖರ್ಚಿನ ವಿಷಯದಲ್ಲಿ ಎಚ್ಚರ ಬೇಕು. ಕಿಟ್ ಅಂದರೆ ಪೂರ್ತಿ ಕಾರಲ್ಲ. ರಿಮೋಟು, ಅದರ ಸಂಕೇತ ಹಿಡಿಯುವ ರಿಸೀವರು, ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರಾದ ಸರ್ವೊ, ಬ್ಯಾಟರಿ, ಚಾರ್ಜರು, ಬಣ್ಣ ಎಲ್ಲ ಬೇರೆ ತರಬೇಕು. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ದುಡ್ಡು ಕೊಡಿ. ಇನ್ನೊಂದು, ಕಿಟ್ಟಿನಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್ (ಶಾಫ್ಟ್ ಕೂರುವ ಬಳೆ) ಕೊಟ್ಟಿರುತ್ತಾರೆ. ಟಾರಿನ ಧೂಳಿನಲ್ಲಿ ಅವು ಬೇಗ ಸವೆಯುತ್ತವೆ. ಜೋಡಿಸುವಾಗಲೇ 1150 ಅಂತ ಕರೆಯುವ, 11 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಒಳವ್ಯಾಸದ ಬಾಲ್ ಬೇರಿಂಗ್ ಹಾಕಿಬಿಡಿ. ಆಮೇಲೆ ಹಾಕೋಣ ಅಂದುಕೊಂಡರೆ ಇಡೀ ಕಾರು ಬಿಚ್ಚಬೇಕಾಗುತ್ತದೆ.

ಈಗ ಅಭ್ಯಾಸದ ವಿಷಯ. ನಮ್ಮಲ್ಲಿ ದ್ವಿಚಕ್ರ ಲೈಸೆನ್ಸಿಗೆ ಬರುವವರೆಲ್ಲ ಎಂಟು ಹಾಕಿ ಹಾಕಿಯೇ ಕಲಿಯುವುದು. ಇಲ್ಲೂ ಅದನ್ನೇ ಹಿಡಿದೆ. ಕೋನು ಇಡಲಿಲ್ಲ, ಅರ್ಧ ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿದೆ. ಕಾರು ತಗುಲಿದರೆ ಚಿಪ್ಪು ಉರುಳಿ ಹೋಗುತ್ತದೆ, ಬಂಪರಿಗೆ ಏನೂ ಆಗುವುದಿಲ್ಲ, ತಪ್ಪು ಆಯಿತು ಅಂತ ಸದ್ದಿನಲ್ಲೇ ತಿಳಿಯುತ್ತದೆ. ಎರಡು ಚಿಪ್ಪಿನ ನಡುವೆ 6 ಮೀಟರ್ ಅಂತರ. ನೆಲದ ಮೇಲೆ ನಿಂತು ನೋಡಿದರೆ ದೂರದ ಚಿಪ್ಪು ಎಷ್ಟು ದೂರದಲ್ಲಿದೆ ಅಂತ ಅಂದಾಜು ಸಿಗದು. ಟ್ರ್ಯಾಕಿನಲ್ಲಿ ಎತ್ತರದ ಸ್ಟ್ಯಾಂಡ್ ಇರುವುದು ಇದಕ್ಕೇ. ನಾನು ಮೈದಾನದ ಅಂಚಿನ ಕಟ್ಟೆ ಹತ್ತಿ ನಿಲ್ಲುತ್ತೇನೆ.

ಮೊದಲ ವಾರ ಹತ್ತು ಎಂಟು ಮುಗಿಸಲು 1 ನಿಮಿಷ 58 ಸೆಕೆಂಡು, ಚಿಪ್ಪಿಗೆ ನಾಲ್ಕು ಸಲ ಡಿಕ್ಕಿ. ಹೋದ ಭಾನುವಾರ 1 ನಿಮಿಷ 31 ಸೆಕೆಂಡು, ಒಂದೂ ಚಿಪ್ಪು ಅಲುಗಲಿಲ್ಲ. ಈ ಮಧ್ಯೆ ಬದಲಾದದ್ದು ಕಣ್ಣು. ಕಲಿಯಲು ಬಂದವರಿಗೆ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು: ಬಾನೆಟ್ ನೋಡಬೇಡಿ, ದಾರಿ ನೋಡಿ. ಕಟ್ಟೆ ಮೇಲೆ ನಿಂತಾಗ ನಾನು ಕಾರನ್ನೇ ದಿಟ್ಟಿಸುತ್ತಿದ್ದೆ. ಕಣ್ಣನ್ನು ಮುಂದಿನ ಚಿಪ್ಪಿಗೆ ಕೊಟ್ಟ ದಿನವೇ ಎಡಬಲದ ಗೊಂದಲ ಅರ್ಧ ಕಡಿಮೆಯಾಯಿತು. ಈಗ ಕಾರು ಎತ್ತ ಮುಖ ಮಾಡಿದೆ ಅಂತ ಯೋಚಿಸುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತಷ್ಟೇ ನೋಡುತ್ತೇನೆ.

ಈ ಪಾಠಕ್ಕೆ ಟಿಟಿ-02 ಹೇಳಿ ಮಾಡಿಸಿದ ಕಾರು. ಬೆಳ್ಳಿ ಬಣ್ಣದ 540 ಮೋಟರು, ಅದರ ಮೇಲೆ 22 ಹಲ್ಲಿನ ಪಿನಿಯನ್ ಎಂಬ ಸಣ್ಣ ಗೇರು, ಅದಕ್ಕೆ ಸೇರುವ 70 ಹಲ್ಲಿನ ಸ್ಪರ್ ಎಂಬ ದೊಡ್ಡ ಗೇರು; ಒಳಗಿನ ಗೇರುಗಳನ್ನೂ ಸೇರಿಸಿದರೆ ಒಟ್ಟು 8.27ಕ್ಕೆ 1ರ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಮೋಟರು 8.27 ಸುತ್ತು ತಿರುಗಬೇಕು. ವೇಗ ಹಿಡಿತಕ್ಕೆ ಸಿಗುವಷ್ಟೇ ಇದೆ. ರಿಮೋಟಿನಲ್ಲಿ ವೇಗ ಕೊಡುವ ಟ್ರಿಗರನ್ನು ಪೂರ್ತಿ ಒತ್ತಿ ಪೂರ್ತಿ ಬಿಡುವುದು ಎಲ್ಲ ಹೊಸಬರ ಚಾಳಿ. ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿ ಹಿಡಿಯುವ ಹಾಗೆ ಬೆರಳನ್ನು ನಡುವೆ ಹಿಡಿಯಲು ಈ ಮೋಟರು ಸಮಯ ಕೊಡುತ್ತದೆ. ವೇಗದ ಬ್ರಶ್‌ಲೆಸ್ ಮೋಟರು ಹಾಕಿದ ಕಾರಿನಲ್ಲಿ ಮೊದಲ ತಿಂಗಳು ಕಲಿಯುವುದಕ್ಕಿಂತ ಓಡಿ ಹೋಗಿ ಕಾರು ಎತ್ತಿಕೊಳ್ಳುವುದೇ ಜಾಸ್ತಿ ಆಗುತ್ತದೆ. ನಿಮ್ಮ ರಿಮೋಟಿನಲ್ಲಿ ಡ್ಯುಯಲ್ ರೇಟ್ ಇದ್ದರೆ ಸ್ಟೀರಿಂಗ್ ತಿರುಗುವ ಅಳತೆಯನ್ನು ಸ್ವಲ್ಪ ಇಳಿಸಿ ಶುರು ಮಾಡಿ.

ಗೇರುಗಳು ಮುಚ್ಚಿದ ಪೆಟ್ಟಿಗೆಯೊಳಗಿರುವುದು ಇನ್ನೊಂದು ಒಳ್ಳೆಯ ಗುಣ. ನಮ್ಮ ಮೈದಾನದಲ್ಲಿ ಸಣ್ಣ ಕಲ್ಲು ಇದ್ದೇ ಇದೆ, ಇದುವರೆಗೆ ಒಂದು ಹಲ್ಲೂ ಮುರಿದಿಲ್ಲ. ಸ್ಟೀರಿಂಗಿನ ಕೊಂಡಿಗಳು ಪ್ಲಾಸ್ಟಿಕ್ಕಿನವು, ಸ್ವಲ್ಪ ಪ್ಲೇ, ಅಂದರೆ ಸಡಿಲ, ಇದೆ. ರೇಸಿಗೆ ಹೋಗುವವರು ಅಲ್ಯೂಮಿನಿಯಂ ಕೊಂಡಿ ಹಾಕಿಕೊಳ್ಳುತ್ತಾರೆ. ಎಂಟು ಹಾಕುವವರಿಗೆ ಅವಸರವಿಲ್ಲ.

ಬ್ಯಾಟರಿಗೆ ನಾನು 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಇಟ್ಟುಕೊಂಡಿದ್ದೇನೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಗುರ, ಶಕ್ತಿಯೂ ಹೆಚ್ಚು, ಆದರೆ ಒಂದು ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ಚಾರ್ಜಿಗಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ನನಗೆ ನಿಕಲ್ ಬ್ಯಾಟರಿಯೇ ಸರಿ. ಒಂದು ಚಾರ್ಜಿಗೆ ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ಬೆರಳು ಸೋಲುವುದೂ ಅಷ್ಟೇ ಹೊತ್ತಿಗೆ. ಮುಗಿದ ಮೇಲೆ ಮೋಟರು ಬಿಸಿಯಾಗಿರುತ್ತದೆ, ಮುಟ್ಟಬೇಡಿ. ಬ್ಯಾಟರಿ ತಣ್ಣಗಾದ ಮೇಲಷ್ಟೇ ಚಾರ್ಜಿಗೆ ಹಾಕಿ. ಆನ್ ಮಾಡುವಾಗ ಮೊದಲು ರಿಮೋಟು, ಆಫ್ ಮಾಡುವಾಗ ಮೊದಲು ಕಾರು. ಕ್ರಮ ತಪ್ಪಿದರೆ ಕಾರು ತನ್ನಷ್ಟಕ್ಕೆ ಓಡುವ ಅಪಾಯವಿದೆ.

ಟಾರಿನ ಮೇಲೆ ಟೈರು ಬೇಗ ಸವೆಯುತ್ತದೆ. ಟ್ರ್ಯಾಕಿಗೆ ಬೇರೆ ಜೋಡಿ ಎತ್ತಿಟ್ಟಿದ್ದೇನೆ. ಇಲ್ಲಿ ಹೊಂದಿಸಿದ ಸ್ಪ್ರಿಂಗು, ಟೈರು ಕಾರ್ಪೆಟ್ ಟ್ರ್ಯಾಕಿನಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಲ್ಲಿನ ಹಿಡಿತವೇ ಬೇರೆ. ಕಾರನ್ನು ಹೊಂದಿಸುವುದಕ್ಕೆ ಟ್ರ್ಯಾಕೇ ಬೇಕು, ಕೈ ಪಳಗಿಸಲು ಈ ಮೈದಾನ ಸಾಕು.

ನನ್ನ ಎಡಸುತ್ತು ಈಗ ಸರಿಯಾಗಿದೆ. ಬಲಸುತ್ತಿನಲ್ಲಿ, ಅದೂ ಕಾರು ನನ್ನ ಕಡೆ ಬರುವಾಗ, ಇನ್ನೂ ಅರ್ಧ ಮೀಟರ್ ಅಗಲ ಹೋಗುತ್ತಿದೆ. ಅದಕ್ಕೇ ಈ ವಾರ ಎಂಟು ಬಿಟ್ಟು ಒಂದೇ ಚಿಪ್ಪಿನ ಸುತ್ತ ಬರೀ ಬಲಕ್ಕೆ ಸುತ್ತುತ್ತಿದ್ದೇನೆ, ದಿನಕ್ಕೊಂದು ಬ್ಯಾಟರಿ.